ಚಿಕ್ಕಮ್ಮ ಮತ್ತು ಸುಮ್ಮನಾದ ಪೆಟ್ಟಿಗೆ

ಆ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ತಲೆ ಪೂರ್ತಿ ನರೆತಿದ್ದ ಯಜಮಾನರಿಗೂ ಚಿಕ್ಕಮ್ಮ, ನೆಲ ಒರೆಸುವವಳಿಗೂ ಚಿಕ್ಕಮ್ಮ. ನಿಜಕ್ಕೂ ಆಕೆ ಚಿಕ್ಕಮ್ಮನಾಗಿದ್ದದ್ದು ಒಬ್ಬಳಿಗೆ ಮಾತ್ರ, ತೀರಿಹೋದ ಅಕ್ಕನ ಮಗಳು ಗುಬ್ಬಿಗೆ. ಗುಬ್ಬಿ ಅದೇ ಕಚೇರಿಗೆ ಕೆಲಸಕ್ಕೆ ಸೇರಿದ ದಿನ, ಎಲ್ಲರೆದುರು ಮೇಡಂ ಅನ್ನಬೇಕು ಎಂದು ಮನೆಯಲ್ಲಿ ಹತ್ತು ಸಲ ಹೇಳಿಸಿಕೊಂಡು ಬಂದವಳು, ಬಾಗಿಲಲ್ಲೇ ನಿಂತು ಚಿಕ್ಕಮ್ಮಾ ನನ್ನ ಕುರ್ಚಿ ಎಲ್ಲಿ ಎಂದು ಕೂಗಿದಳು. ಮೇಡಂ ಕಥೆ ಅಲ್ಲಿಗೆ ಮುಗಿಯಿತು. ಚಿಕ್ಕಮ್ಮನ ಗಂಡ ನಲ್ಲಿ ರಿಪೇರಿಯವನು. ಒಮ್ಮೆ ಕಚೇರಿಯ ಸಿಂಕು ಸರಿಮಾಡಲು ಬಂದು ಸಂಜೆ ಹೊರಡುವ ಹೊತ್ತಿಗೆ ಅವನೂ ಊರಿಗೆಲ್ಲ ಚಿಕ್ಕಪ್ಪನಾಗಿಬಿಟ್ಟಿದ್ದ.

ಅಲ್ಲಿನ ಕೆಲಸ ಹೇಳುವುದಕ್ಕೆ ಸುಲಭ. ಊರಿನ ಆಸ್ಪತ್ರೆಗಳಲ್ಲಿ, ಔಷಧಿ ಅಂಗಡಿಗಳಲ್ಲಿ, ರಕ್ತನಿಧಿಗಳಲ್ಲಿ ತಣ್ಣನೆಯ ಪೆಟ್ಟಿಗೆಗಳಿರುತ್ತವೆ. ಒಂದೊಂದಕ್ಕೂ ಬೆಂಕಿಪೊಟ್ಟಣದಷ್ಟು ಪುಟ್ಟ ಯಂತ್ರವೊಂದನ್ನು ಅಂಟಿಸಿದ್ದಾರೆ. ಅದು ನಿಮಿಷಕ್ಕೊಮ್ಮೆ ಒಳಗಿನ ತಾಪ ಅಳೆದು ಕಚೇರಿಗೆ ಹೇಳಿಕಳಿಸುತ್ತದೆ. ಪೆಟ್ಟಿಗೆ ಬಿಸಿಯಾಗತೊಡಗಿದರೆ ಕಚೇರಿಯಲ್ಲಿ ಗಂಟೆ ಹೊಡೆಯುತ್ತದೆ, ಯಾರಾದರೂ ಆ ಆಸ್ಪತ್ರೆಗೆ ಫೋನು ಮಾಡುತ್ತಾರೆ, ಅಲ್ಲಿಯವರು ಓಡಿಹೋಗಿ ನೋಡುತ್ತಾರೆ. ಯಂತ್ರ ತೀರಾ ಹೊತ್ತು ಸುಮ್ಮನಿದ್ದರೆ ಅದಕ್ಕೂ ಬೇರೆ ಗಂಟೆಯಿದೆ.

ಮಾಡುವುದಕ್ಕೆ ಕಷ್ಟ. ಅಷ್ಟು ಪೆಟ್ಟಿಗೆಗಳು ನಿಮಿಷಕ್ಕೊಮ್ಮೆ ಬಾಯಿ ತೆರೆದರೆ ಒಂದು ಕಂಪ್ಯೂಟರಿನ ಕಿವಿ ಸಾಲದು. ಆದ್ದರಿಂದ ಹಲವು ಕಂಪ್ಯೂಟರುಗಳು ಪೆಟ್ಟಿಗೆಗಳನ್ನು ತಮ್ಮತಮ್ಮಲ್ಲಿ ಪಾಲು ಹಾಕಿಕೊಂಡು ಕೂತಿರುತ್ತವೆ. ಒಂದು ಮಲಗಿಬಿಟ್ಟರೆ ಅದರ ಪಾಲನ್ನು ಉಳಿದವು ಹಂಚಿಕೊಂಡು, ಅದು ಎಲ್ಲಿಗೆ ನಿಲ್ಲಿಸಿತ್ತೋ ಅಲ್ಲಿಂದ ಮುಂದುವರಿಸಬೇಕು. ಇಲ್ಲಿಯವರೆಗೆ ಮುಗಿಯಿತು ಎಂದು ಅವು ಆಗಾಗ ಹಾಕಿಕೊಳ್ಳುವ ಗುರುತಿಗೆ ಕಚೇರಿಯವರು ಗಂಟು ಎನ್ನುತ್ತಾರೆ. ಬಂದೂ ಇನ್ನೂ ಕೇಳಿಸಿಕೊಳ್ಳದ ಮಾತುಗಳ ರಾಶಿಗೆ ಬಾಕಿ ಎನ್ನುತ್ತಾರೆ. ಗೋಡೆಯ ಮೇಲಿನ ಪರದೆಯಲ್ಲಿ ಬಾಕಿಯದೊಂದು ಗೆರೆ. ಗೆರೆ ನೆಲ ಹಿಡಿದಿದ್ದರೆ ಚಿಕ್ಕಮ್ಮ ಟೀ ಕುಡಿಯುತ್ತಾಳೆ. ಮೇಲೇರಿದರೆ ಟೀ ಆರಿಹೋಗುತ್ತದೆ.

ಈ ಕೆಲಸಕ್ಕೆ ಬರುವ ಮೊದಲು ಚಿಕ್ಕಮ್ಮ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿದ್ದವಳು. ಒಂದು ಕಿವಿಗೆ ಹತ್ತು ಜನ ಒಟ್ಟಿಗೆ ಅಳುವಾಗ ಯಾರನ್ನು ಲೈನಿನಲ್ಲಿ ಕಾಯಿಸಬೇಕು, ಯಾರನ್ನು ಕೂಡಲೇ ಒಳಗೆ ಬಿಡಬೇಕು ಎಂಬುದು ಅಲ್ಲಿ ರಕ್ತಗತವಾಗಿತ್ತು. ಆ ಕೋಣೆ ಮುಚ್ಚಿದಾಗ ಹಟ ಹಿಡಿದು ಓದಿ, ಪರೀಕ್ಷೆ ಮುಗಿಸಿ ಇಲ್ಲಿಗೆ ಬಂದಳು. ಕೆಲಸ ಹೊಸದಾಯಿತು, ಬುದ್ಧಿ ಮಾತ್ರ ಹಳೆಯದೇ ಉಳಿಯಿತು. ಯಾರು ಮಾತಾಡಿದರೂ ಅರ್ಧದಲ್ಲೇ ತಾನೇ ವಾಕ್ಯ ಮುಗಿಸಿಬಿಡುತ್ತಾಳೆ. ಪ್ರಶ್ನೆ ಕೇಳಿದರೆ ಉತ್ತರವನ್ನೂ ಕೈಗಿಟ್ಟೇ ಕೇಳುತ್ತಾಳೆ: ಊಟ ಆಯ್ತು ತಾನೆ, ಬೀಗ ಹಾಕಿದೀಯ ತಾನೆ, ಜ್ವರ ಇಳೀತು ತಾನೆ. ಅವಳ ತಾನೆಗೆ ಇಲ್ಲ ಎನ್ನುವ ಧೈರ್ಯ ಮನೆಯಲ್ಲಿ ಬೆಕ್ಕಿಗೂ ಇರಲಿಲ್ಲ. ಹಾಗಂತ ಪ್ರೀತಿಗೇನೂ ಕಡಿಮೆಯಿಲ್ಲ. ಊರಿನ ಪೆಟ್ಟಿಗೆಗಳನ್ನೆಲ್ಲ ಮಕ್ಕಳ ಹಾಗೆ ಬಯ್ಯುತ್ತಾಳೆ, ಮಕ್ಕಳ ಹಾಗೆ ಹೊಗಳುತ್ತಾಳೆ. ಮೂಲೆಯ ಔಷಧಿ ಅಂಗಡಿಯ ಹಳೆಯ ಪೆಟ್ಟಿಗೆಯೊಂದು ಸದಾ ಗೊಣಗುತ್ತಿರುವುದಕ್ಕೆ ಅದನ್ನು ಮುದುಕಪ್ಪ ಎಂದು ಕರೆಯುತ್ತಾಳೆ.

ಆ ವರ್ಷ ಬಿಸಿಲು ಶುರುವಾಗುವ ಹೊತ್ತಿಗೆ ಗುಬ್ಬಿ ಹೆತ್ತಳು. ಮಗು ದಿನ ತುಂಬುವ ಮೊದಲೇ ಬಂದುಬಿಟ್ಟಿತ್ತು. ಹೆಣ್ಣು, ಹತ್ತಿರ ಹತ್ತಿರ ಒಂದು ಅಂಗೈಯಷ್ಟು. ಗಾಜಿನ ತೊಟ್ಟಿಲಲ್ಲಿ ಮಲಗಿಸಿ, ಮೂಗಿನಲ್ಲಿ ನೂಲಿನಂಥ ಕೊಳವೆ ಹಾಕಿ ಹನಿಹನಿಯಾಗಿ ಹಾಲು ಬಿಡುತ್ತಿದ್ದರು. ಗುಬ್ಬಿಯ ಗಂಡ ಹಡಗಿನಲ್ಲಿ ಅಡುಗೆಯವನು, ಹಡಗು ಎಲ್ಲೋ ನಡುನೀರಿನಲ್ಲಿತ್ತು. ತಾಯಿ ಇಲ್ಲ. ಇದ್ದವಳೆಂದರೆ ಚಿಕ್ಕಮ್ಮ.

ಆ ಹೆರಿಗೆ ಆಸ್ಪತ್ರೆಯಲ್ಲಿ ತಾಯಿಹಾಲಿನ ಪೆಟ್ಟಿಗೆಯೊಂದಿತ್ತು. ಹಾಲು ಹೆಚ್ಚಾದ ತಾಯಂದಿರು ಕೊಟ್ಟಿದ್ದನ್ನು ಪುಟ್ಟ ಬಾಟಲಿಗಳಲ್ಲಿ ಹೆಪ್ಪುಗಟ್ಟಿಸಿ ಇಡುವ ಪೆಟ್ಟಿಗೆ. ಹಾಲು ಸಾಲದ ತಾಯಂದಿರ ಎಳೆಕೂಸುಗಳಿಗೆ ಅದೇ ಆಧಾರ. ಅಂಥ ಕೂಸುಗಳಿಗೆ ಬೇರೆ ಹಾಲು ಕೊಟ್ಟರೆ ಹೊಟ್ಟೆ ಕೆಟ್ಟು ಜೀವಕ್ಕೇ ಕುತ್ತು ಬರುತ್ತದೆ ಎಂದು ದಾದಿ ಮೊದಲ ದಿನವೇ ಹೇಳಿದ್ದಳು. ಆ ಪೆಟ್ಟಿಗೆಯೂ ತನ್ನ ಕಚೇರಿಯ ಕಾವಲಿನಲ್ಲೇ ಇದೆ ಎಂಬುದು ಚಿಕ್ಕಮ್ಮನಿಗೆ ದೊಡ್ಡ ಸಮಾಧಾನ. ಗುಬ್ಬಿಗೆ ಹಾಲು ಸಾಕಷ್ಟಿದೆ, ಆದರೂ ಇರಲಿ ಎಂದುಕೊಂಡಿದ್ದಳು.

ಮೊದಮೊದಲು ದಿನಾ ಸಂಜೆ ಹೋಗಿ ಗಾಜಿನ ಮುಂದೆ ನಿಂತು ಬರುತ್ತಿದ್ದಳು. ಆಮೇಲೆ ಬಿಸಿಲು ತನ್ನ ವರಸೆ ತೋರಿಸಿತು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಷ್ಟು ಬಿಸಿ. ಊರಿನ ಕರೆಂಟು ಬಂದು ಹೋಗಿ ಆಟ ಆಡತೊಡಗಿತು. ಕಚೇರಿಯಲ್ಲಿ ಬಾಕಿಯ ಗೆರೆ ಪ್ರತಿ ಮಧ್ಯಾಹ್ನ ಏರುತ್ತಿತ್ತು. ಆಸ್ಪತ್ರೆಗೆ ಹೋಗುವುದು ನಿಂತು, ವಿಚಾರಣೆಯೆಲ್ಲ ಗುಬ್ಬಿಯ ಫೋನಿಗಷ್ಟೇ ಇಳಿಯಿತು. ಗುಬ್ಬಿ ಮಾತಿನ ಮಲ್ಲಿ. ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ಆ ದಿನಗಳಲ್ಲಿ ಅವಳ ಫೋನು ಎರಡು ಮಾತಿಗೆ ಮುಗಿಯುತ್ತಿತ್ತು. ಚಿಕ್ಕಮ್ಮ ಪರದೆಯ ಮೇಲೆ ಒಂದು ಕಣ್ಣಿಟ್ಟುಕೊಂಡೇ ಚೆನ್ನಾಗಿದೀಯ ತಾನೆ ಎನ್ನುವಳು, ಅವಳು ಹೂಂ ಚೆನ್ನಾಗಿದೀನಿ ಎನ್ನುವಳು. ಮಗು ಹಾಲು ಕುಡೀತಿದೆ ತಾನೆ? ಹೂಂ. ಅಷ್ಟಕ್ಕೆ ಚಿಕ್ಕಮ್ಮನಿಗೆ ಹಾಲು ಕುಡಿದಷ್ಟು ತೃಪ್ತಿ.

ಬಿಸಿಲು ಉತ್ತುಂಗಕ್ಕೇರಿದ ದಿನ ಬೆಳಿಗ್ಗೆಯೇ ಅರ್ಧ ಊರಿನ ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಬಂತು, ಮತ್ತೆ ಹೋಯಿತು. ಈ ಪುಟ್ಟ ಯಂತ್ರಗಳದ್ದೊಂದು ಗುಣವಿದೆ. ಸಂಪರ್ಕ ತಪ್ಪಿದಾಗ ಹೇಳಬೇಕಾದದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದು, ಸಂಪರ್ಕ ಬಂದ ಕೂಡಲೇ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಕಕ್ಕಿಬಿಡುತ್ತವೆ. ಜೊತೆಗೆ ಒಳಗೆ ಬಿಸಿಯಾದಷ್ಟೂ ಹೆಚ್ಚು ಹೆಚ್ಚು ಮಾತಾಡುತ್ತವೆ. ಬಾಕಿಯ ಗೆರೆ ಪರದೆಯ ನೆತ್ತಿ ಮುಟ್ಟಿತು. ಚಿಕ್ಕಮ್ಮ ಮೀಸಲಿಗಿದ್ದ ಕಂಪ್ಯೂಟರುಗಳನ್ನೆಲ್ಲ ಎಬ್ಬಿಸಿ ಪಾಲಿಗೆ ಕೂರಿಸಿದಳು. ಸ್ವಲ್ಪ ನಿಧಾನ ಎಂದು ಪೆಟ್ಟಿಗೆಗಳಿಗೆ ಹೇಳಿಕಳಿಸಿದಳು; ಹೊಸವು ಕೇಳಿದವು, ಮುದುಕಪ್ಪನಂಥವು ಕ್ಯಾರೇ ಎನ್ನಲಿಲ್ಲ. ಹೊರೆ ತಾಳದೆ ಕಂಪ್ಯೂಟರೊಂದು ಮಲಗಿತು. ಅದರ ಪಾಲು ಉಳಿದವುಗಳ ತಲೆಗೆ ಬಂದು ಇನ್ನೊಂದು ಮಲಗಿತು. ಅವಳ ಪಕ್ಕದಲ್ಲೇ ಕೂರುವ ಸಹೋದ್ಯೋಗಿ, ಎಲ್ಲರೂ ಮೀಸೆ ಎಂದು ಕರೆಯುವವನು, ಈಗ ಗಂಟೆ ಹೊಡೆಯುತ್ತಿರುವುದು ಅರ್ಧ ಗಂಟೆ ಹಳೆಯ ಬಿಸಿಗೆ ಎಂದು ಲೆಕ್ಕ ಹಾಕಿ ಹೇಳಿದ. ಅಷ್ಟರಲ್ಲಿ ಯಾವ ರಕ್ತ, ಯಾವ ಲಸಿಕೆ ಹಾಳಾಗಿರುತ್ತದೋ ಯಾರು ಬಲ್ಲರು.

ಹೀಗೆ ಕೈಮೀರಿದಾಗ ಒಂದೇ ಉಪಾಯ. ಒಂದಷ್ಟು ಮಾತುಗಳನ್ನು ಕೇಳಿಸಿಕೊಳ್ಳದೆಯೇ ಬಾಗಿಲಲ್ಲಿ ಉದುರಿಸಿಬಿಡಬೇಕು. ಯಾವುದನ್ನು ಉದುರಿಸುವುದು ಎನ್ನುವಲ್ಲೇ ಇರುವುದು ಬುದ್ಧಿ. ಚಿಕ್ಕಮ್ಮನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

"ಚೆನ್ನಾಗಿದೀನಿ ಅನ್ನೋವೆಲ್ಲ ಹೊರಗಿರ್ಲಿ," ಎಂದಳು. "ಬಿಸಿ ಆಗ್ತಿದೀನಿ ಅನ್ನೋವು ಮಾತ್ರ ಒಳಗೆ ಬರ್ಲಿ."

ತಣ್ಣಗಿದ್ದೇನೆ ಎನ್ನುವ ಮಾತೆಲ್ಲ ಬಾಗಿಲಲ್ಲೇ ಉದುರತೊಡಗಿತು. ಕೂಡಲೇ ಇನ್ನೊಂದು ರಗಳೆ ಎದ್ದಿತು. ತಣ್ಣಗಿರುವ ಪೆಟ್ಟಿಗೆಗಳಿಂದ ಸುದ್ದಿಯೇ ಇಲ್ಲವಾದ್ದರಿಂದ ಅವೆಲ್ಲ ಸುಮ್ಮನಾಗಿವೆ ಎಂದು ಆ ಇನ್ನೊಂದು ಗಂಟೆ ಬಡಿದುಕೊಳ್ಳಲು ಶುರುಮಾಡಿತು. ಇಡೀ ಊರೇ ಸುಮ್ಮನಾಗಿದೆ ಎಂದು ಅದರ ಅಂಬೋಣ. ಅದರ ಗದ್ದಲದಲ್ಲಿ ನಿಜವಾದ ಗಂಟೆ ಕೇಳಿಸುವಂತಿರಲಿಲ್ಲ. ಸಾಕು ಬಾಯ್ಮುಚ್ಚು ಎಂದು ಚಿಕ್ಕಮ್ಮ ತನ್ನ ಕೈಯಾರೆ ಅದನ್ನು ಆರಿಸಿದಳು.

ಗೆರೆ ಇಳಿಯಿತು. ಬಿಸಿಯಾದ ಪೆಟ್ಟಿಗೆಗಳ ಸುದ್ದಿ ಆಗಿಂದಾಗಲೇ ಬರತೊಡಗಿತು, ಫೋನುಗಳು ಹೋದವು, ಎಲ್ಲೆಲ್ಲೋ ಜನ ಓಡಿದರು, ಬಹಳಷ್ಟು ಉಳಿಯಿತು. ಯಜಮಾನರು ತಮ್ಮ ಕೋಣೆಯಿಂದ ಎದ್ದುಬಂದು ಚಿಕ್ಕಮ್ಮ ನೀವಿಲ್ಲದಿದ್ದರೆ ನಮ್ಮ ಗತಿ ಏನು ಎಂದರು. ಮೀಸೆ ತಾನೇ ಹೋಗಿ ಟೀ ತಂದ. ಚಿಕ್ಕಮ್ಮ ಚಪ್ಪಲಿ ಕಳಚಿ, ಕಾಲು ಚಾಚಿ, ಬಿಸಿಬಿಸಿ ಟೀಯನ್ನು ಒಂದು ಗುಟುಕು ಕುಡಿದಳು. ತನ್ನ ಬಗ್ಗೆ ತನಗೇ ಸ್ವಲ್ಪ ಜಂಬ ಬಂದಿತ್ತು ಎಂದರೆ ತಪ್ಪಾಗಲಾರದು.

ಆಗ ಚಿಕ್ಕಪ್ಪನ ಫೋನು ಬಂತು. ಯಾರದೋ ಮನೆಯ ಬಚ್ಚಲಿನಲ್ಲಿ ಪೈಪು ಬಿಚ್ಚಿಕೊಂಡು ಕೂತಿದ್ದ ಅವನು, ಹಿಂದೆ ನೀರು ಸುರಿಯುವ ಸದ್ದಿನಲ್ಲಿ, ಇವತ್ತು ಗುಬ್ಬಿ ಏನಂದಳು ಎಂದು ಕೇಳಿದ. ಇವತ್ತು ಅವಳ ಫೋನೇ ಬಂದಿಲ್ಲ ಎಂಬುದು ಚಿಕ್ಕಮ್ಮನಿಗೆ ಆಗಲೇ ಹೊಳೆದದ್ದು.

"ಏನೂ ಅಂದಿಲ್ಲ," ಎಂದಳು. "ಏನೂ ಅಂದಿಲ್ಲ ಅಂದ್ರೆ ಚೆನ್ನಾಗೇ ಇದಾಳೆ ಅಂತ ತಾನೆ?"

"ಹಾಗಂತ ಅವಳು ಅಂದ್ಲಾ, ನೀನು ಅಂದ್ಕೊಂಡಿದ್ದಾ?" ಎಂದು ಚಿಕ್ಕಪ್ಪ ಕೇಳಿದ. ಅವನು ಕುಟುಕಲು ಕೇಳಿದ್ದಲ್ಲ, ನಿಜಕ್ಕೂ ಅವನಿಗೆ ತಿಳಿದಿರಲಿಲ್ಲ.

ಚಿಕ್ಕಮ್ಮನ ಕಣ್ಣು ಗೋಡೆಯ ಪರದೆಯ ಮೇಲೆ ಹೋಯಿತು. ಸದ್ದಿಲ್ಲದ ಪೆಟ್ಟಿಗೆಗಳೆಲ್ಲ ಹಸಿರು ಬಣ್ಣದಲ್ಲಿ ಸಾಲಾಗಿ ನಿಂತಿದ್ದವು. ತಣ್ಣಗಿರುವ ಪೆಟ್ಟಿಗೆಯ ಮಾತನ್ನು ತಾನು ಉದುರಿಸಿದ್ದೇನೆ, ಆದ್ದರಿಂದ ಅದು ಸುಮ್ಮನಿದೆ. ಕೆಟ್ಟುಹೋದ ಪೆಟ್ಟಿಗೆ ಮಾತೇ ಆಡಲಾರದು, ಅದೂ ಸುಮ್ಮನಿದೆ. ಎರಡಕ್ಕೂ ಒಂದೇ ಹಸಿರು. ಎರಡನ್ನೂ ಬೇರೆ ಮಾಡಿ ಹೇಳುತ್ತಿದ್ದ ಗಂಟೆಯನ್ನು ಆರಿಸಿದವಳು ತಾನೇ.

ಟೀ ಮೇಜಿನ ಮೇಲೇ ಉಳಿಯಿತು. ಬಾಗಿಲನ್ನು ಸ್ವಲ್ಪವೇ ತೆರೆದು, ಒಂದೊಂದು ಪೆಟ್ಟಿಗೆಯದೂ ತೀರಾ ಈಚಿನ ಒಂದೇ ಒಂದು ಮಾತು ಒಳಗೆ ಬರುವಂತೆ ಮಾಡಿದಳು. ಹಸಿರುಗಳೆಲ್ಲ ಒಂದೊಂದಾಗಿ ಮಿನುಗಿದವು. ಬೆಳಗಿನಿಂದ ಒಂದು ಮಾತೂ ಆಡದೆ ಉಳಿದವು ಬೆರಳೆಣಿಕೆಯಷ್ಟು. ಮೀಸೆ ಅರ್ಧಕ್ಕೆ ಫೋನು ಮಾಡಿದ, ಚಿಕ್ಕಮ್ಮ ಅರ್ಧಕ್ಕೆ. ಒಂದು ಅಂಗಡಿಯಲ್ಲಿ ಪೆಟ್ಟಿಗೆ ಒರೆಸಲೆಂದು ಯಂತ್ರವನ್ನೇ ಕಿತ್ತು, ಆರಿಸಿ, ಕಪಾಟಿನ ಮೇಲಿಟ್ಟಿದ್ದರು. ಇನ್ನೊಂದು ಕಡೆ ಅದರ ಬ್ಯಾಟರಿ ಸತ್ತಿತ್ತು, ಪೆಟ್ಟಿಗೆ ತಣ್ಣಗೇ ಇತ್ತು. ಕೊನೆಯದು ಹೆರಿಗೆ ಆಸ್ಪತ್ರೆಯ ಹಾಲಿನ ಪೆಟ್ಟಿಗೆ.

ಅಲ್ಲಿಯ ದಾದಿ ಗಾಬರಿಯಾಗಲಿಲ್ಲ. "ನಿಮ್ ಕಡೆಯಿಂದ ಫೋನ್ ಬಂದಿಲ್ವಲ್ಲ, ಅದಕ್ಕೇ ಎಲ್ಲಾ ಸರಿಯಾಗಿದೆ ಅಂದ್ಕೊಂಡಿದ್ವಿ," ಎಂದಳು. ಚಿಕ್ಕಮ್ಮ ಆ ಮಾತನ್ನು ಅರ್ಧಕ್ಕೆ ಕತ್ತರಿಸಲಿಲ್ಲ, ಮುಗಿಸಲೂ ಇಲ್ಲ. ಹೋಗಿ ನೋಡಿ ಎಂದಷ್ಟೇ ಹೇಳಿ ಕಾದಳು. ಎಷ್ಟೋ ವರ್ಷ ಬೇರೆಯವರನ್ನು ಲೈನಿನಲ್ಲಿ ಕಾಯಿಸಿದವಳಿಗೆ ಆ ಹೊತ್ತು ಎಷ್ಟು ಉದ್ದವಿರುತ್ತದೆ ಎಂದು ಗೊತ್ತಾಯಿತು.

ದಾದಿ ಏದುಸಿರು ಬಿಡುತ್ತ ಬಂದಳು. ಕರೆಂಟು ಬಂದ ಹೊಡೆತಕ್ಕೆ ಫ್ಯೂಸೂ ಯಂತ್ರವೂ ಒಟ್ಟಿಗೇ ಸುಟ್ಟು ಪೆಟ್ಟಿಗೆ ಸತ್ತಿತ್ತು. ಮೇಲಿನ ಸಾಲಿನ ಬಾಟಲಿಗಳೆಲ್ಲ ನೀರಾಗಿದ್ದವು. ನಡುವಿನವು ಮೆತ್ತಗಾಗಿದ್ದವು. ತಳದವು ಮಾತ್ರ ಇನ್ನೂ ಕಲ್ಲಿನಂತಿದ್ದವು, ಅವನ್ನು ಬೇರೆ ಕಡೆಗೆ ಸಾಗಿಸುತ್ತಿದ್ದಾರೆ. ಎಷ್ಟು ಉಳಿಯಿತು ಎಂದು ಕೇಳಿದ್ದಕ್ಕೆ, ಇವತ್ತು ನಾಳೆಗೆ ಸಾಕು, ಮುಂದಿನದು ಗೊತ್ತಿಲ್ಲ ಎಂದಳು. ಚಿಕ್ಕಮ್ಮ ಗುಬ್ಬಿಯನ್ನು ಕರೆಯಿರಿ ಎಂದಳು. ದಾದಿ, ಅವರು ಬೆಳಗಿನಿಂದ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರೆ, ಕರೆದರೂ ಏಳುತ್ತಿಲ್ಲ, ಮಗುವಿಗೆ ನಾಲ್ಕು ದಿನದಿಂದ ಈ ಪೆಟ್ಟಿಗೆಯ ಹಾಲೇ, ನಿಮಗೆ ಹೇಳಿರಬೇಕಲ್ಲ ಎಂದಳು.

ಚಿಕ್ಕಮ್ಮನಿಗೆ ಹೇಳಿರಲಿಲ್ಲ. ಪರದೆಯನ್ನು ಮೀಸೆಯ ಕೈಗೆ ಒಪ್ಪಿಸಿ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಅದರಲ್ಲಿ ಒಂದು ಮೀಸೆಯದು ಎಂದು ಆಸ್ಪತ್ರೆಯ ಗೇಟಿನಲ್ಲಿ ತಿಳಿಯಿತು.

ಗುಬ್ಬಿ ಹಿಂಬದಿಯ ಮೆಟ್ಟಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿರಲಿಲ್ಲ. ಚಿಕ್ಕಮ್ಮನನ್ನು ನೋಡಿಯೂ ಏಳಲಿಲ್ಲ. ಚಿಕ್ಕಮ್ಮ ಪಕ್ಕದಲ್ಲಿ ಕೂತು ಮೊದಲು ತನ್ನ ಕಥೆ ಹೇಳಿದಳು. ಪೆಟ್ಟಿಗೆ ಸತ್ತದ್ದು, ಅದು ತನಗೆ ತಿಳಿಯದೇ ಹೋದದ್ದು, ಗಂಟೆ ಆರಿಸಿದ್ದು ತಾನೇ ಎಂಬುದು, ಎಷ್ಟು ಉಳಿಯಿತು ಎಂಬುದು, ಒಂದನ್ನೂ ಮುಚ್ಚಿಡಲಿಲ್ಲ. ಗುಬ್ಬಿ ಎಲ್ಲವನ್ನೂ ಕೇಳಿದಳು.

"ನಂಗೆ ಹಾಲು ನಿಂತೋಯ್ತು ಚಿಕ್ಕಮ್ಮ," ಎಂದಳು. "ಹೇಳೋಣ ಅಂತ್ಲೇ ದಿನಾ ಫೋನ್ ಮಾಡ್ತಿದ್ದೆ. ನೀನು ಚೆನ್ನಾಗಿದೀಯ ತಾನೆ ಅಂತಿದ್ದೆ. ತಾನೆ ಅಂದ್ಮೇಲೆ ಇಲ್ಲ ಅಂತ ಹೇಗನ್ಲಿ? ಇವತ್ತು ಚೆನ್ನಾಗಿದೀನಿ ಅನ್ನೋಕೂ ಆಗ್ಲಿಲ್ಲ, ಅದಕ್ಕೇ ಮಾಡ್ಲಿಲ್ಲ."

ಚಿಕ್ಕಮ್ಮ ಅತ್ತಳು. ಅಕ್ಕ ಸತ್ತ ದಿನ ಹತ್ತು ಜನರ ಊಟ ತಿಂಡಿ ನೋಡಿಕೊಂಡು ಅಳಲು ಪುರುಸೊತ್ತಿಲ್ಲದೆ ಓಡಾಡಿದವಳು, ಇಲ್ಲಿ ಜನ ಹತ್ತಿಳಿಯುವ ಮೆಟ್ಟಿಲಲ್ಲಿ ಮೂಗು ಸೊರಸೊರ ಎನ್ನಿಸಿಕೊಂಡು ಅತ್ತಳು. ಗುಬ್ಬಿಯೇ ಸೆರಗು ಕೊಡಬೇಕಾಯಿತು. ಆಮೇಲೆ ಗುಬ್ಬಿ ಮಾತಾಡಿದಳು. ರಾತ್ರಿ ಗಾಜಿನ ತೊಟ್ಟಿಲ ಯಂತ್ರ ಕುಂಯ್ ಎಂದಾಗಲೆಲ್ಲ ಎದೆ ಒಡೆಯುವುದು, ಪಕ್ಕದ ತಾಯಂದಿರು ಒಬ್ಬೊಬ್ಬರೇ ಮಗು ಎತ್ತಿಕೊಂಡು ಮನೆಗೆ ಹೋಗುವುದು, ಗಂಡನ ಹಡಗಿಗೆ ಸುದ್ದಿ ಮುಟ್ಟದಿರುವುದು. ಹೇಳಿದ್ದನ್ನೇ ಎರಡೆರಡು ಸಲ ಹೇಳಿದಳು. ಚಿಕ್ಕಮ್ಮ ಒಂದು ವಾಕ್ಯವನ್ನೂ ತಾನು ಮುಗಿಸಲಿಲ್ಲ. ಕೇಳುತ್ತ ಕೇಳುತ್ತ ಒಂದು ಸಂಗತಿ ಗಮನಿಸಿದಳು: ಗುಬ್ಬಿ ನಾವು ಎನ್ನುತ್ತಲೇ ಇರಲಿಲ್ಲ. ನಾನು ಇದೀನಿ, ನಾನು ಕಾಯ್ತಿದೀನಿ ಎನ್ನುತ್ತಿದ್ದಳು. ಮಗುವನ್ನು ತನ್ನ ಜೊತೆ ಸೇರಿಸಿಕೊಂಡು ಹೇಳಲು ಅವಳಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

ಆ ವಾರ್ಡಿನ ತಾಯಂದಿರು ದೊಡ್ಡ ಮನಸ್ಸಿನವರು. ಸುದ್ದಿ ತಿಳಿದದ್ದೇ ತಡ, ಮರುದಿನದಿಂದಲೇ ತಮ್ಮ ಮಕ್ಕಳಿಗೆ ಸಾಕಾಗಿ ಮಿಕ್ಕಿದ್ದನ್ನು ತಂದುಕೊಟ್ಟರು. ಮನೆಗೆ ಹೋದ ಇಬ್ಬರು ಆ ಬಿಸಿಲಿನಲ್ಲಿ ತಿರುಗಿ ಬಂದು ಕೊಟ್ಟು ಹೋದರು. ಚಿಕ್ಕಪ್ಪ ಪೆಟ್ಟಿಗೆಯ ಪಕ್ಕ ಇನ್ನೊಂದು ಫ್ಯೂಸು ಹಾಕಿಸುವವರೆಗೆ ಆಸ್ಪತ್ರೆಯವರ ಬೆನ್ನು ಬಿಡಲಿಲ್ಲ. ಹಾಲು ಅಂತೂ ತಪ್ಪಲಿಲ್ಲ. ಆದರೆ ಕೂಸು ಕೊಳವೆ ಬಿಟ್ಟು ತಾನಾಗಿ ಚೀಪಿ ನುಂಗುವವರೆಗೆ ಏನನ್ನೂ ಹೇಳುವಂತಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು.

ಕಚೇರಿಯಲ್ಲಿ ಚಿಕ್ಕಮ್ಮ ಯಜಮಾನರೆದುರು ನಿಂತು ತನ್ನ ತಪ್ಪನ್ನು ಇದ್ದಂತೆ ಹೇಳಿದಳು, ಆಮೇಲೆ ಬಾಗಿಲ ಕೆಲಸವನ್ನು ಹೊಸದಾಗಿ ಮಾಡಲು ಕೂತಳು. ಈಗ ಪ್ರತಿಯೊಂದು ಪೆಟ್ಟಿಗೆಯೂ ಎರಡು ಮಾತು ಆಡುತ್ತದೆ. ಎಷ್ಟು ತಣ್ಣಗಿದ್ದೇನೆ ಎಂಬುದೊಂದು. ಹೊರೆ ಹೆಚ್ಚಾದರೆ ಅದನ್ನು ಉದುರಿಸಬಹುದು. ಇನ್ನೊಂದು ತೀರಾ ಪುಟ್ಟದು, ಅದರಲ್ಲಿ ತಾಪವಿಲ್ಲ, ಲೆಕ್ಕವಿಲ್ಲ, ಸುಖ ದುಃಖವಿಲ್ಲ. ಅದಕ್ಕೆ ಬೇರೆಯದೇ ದಾರಿ, ಏನೇ ಆದರೂ ಉದುರಿಸುವಂತಿಲ್ಲ, ಅದರ ಗಂಟೆಯನ್ನು ಒಬ್ಬರೇ ಆರಿಸುವಂತಿಲ್ಲ. ಅದಕ್ಕೊಂದು ಗಂಭೀರ ಹೆಸರಿಡೋಣ ಎಂದು ಯಜಮಾನರು ಬಹಳ ಆಸೆಪಟ್ಟರು. ಚಿಕ್ಕಮ್ಮ ಒಪ್ಪಲಿಲ್ಲ. ಅದರ ಹೆಸರು ಇದೀನಿ. ಕಚೇರಿಯ ಪರದೆಯಲ್ಲೂ ಹಾಗೇ ಬರೆದಿದೆ: ಮುದುಕಪ್ಪ, ಇದೀನಿ.

ಗುಬ್ಬಿಯ ಜೊತೆಗೂ ಅದೇ ಒಪ್ಪಂದವಾಯಿತು. ಚೆನ್ನಾಗಿದೀನಿ ಅನ್ನಬೇಕಾಗಿಲ್ಲ, ಬೆಳಿಗ್ಗೆ ಫೋನಿಗೆ ಒಂದು ಪದ ಕಳಿಸಿದರೆ ಸಾಕು. ಉಳಿದದ್ದನ್ನು ಸಂಜೆ ಬಂದು ಕೇಳುತ್ತೇನೆ ಎಂದಳು ಚಿಕ್ಕಮ್ಮ, ಮತ್ತು ಬಿಸಿಲಿರಲಿ ಬಾಕಿಯಿರಲಿ, ಸಂಜೆ ಹೋಗಿಯೇ ಹೋದಳು. ತಾನೆ ಎನ್ನುವುದನ್ನು ಬಿಡಲು ಅವಳು ಪಟ್ಟ ಪಾಡು ನೋಡುವಂತಿತ್ತು. ಬಾಯಿಗೆ ಬಂದ ‘ತಾ’ ನುಂಗಿ, ‘ನೆ’ಯನ್ನು ಕೆಮ್ಮಿ, ಸುಮ್ಮನೆ ಕೂರುತ್ತಿದ್ದಳು. ಗುಬ್ಬಿಗೆ ಅದನ್ನು ನೋಡಿ ಒಂದು ಸಂಜೆ ನಗು ಬಂತು.

ಬಿಸಿಲು ಇಳಿಯಿತು. ದಿನಾ ಬೆಳಿಗ್ಗೆ ಇದೀನಿ ಬರುತ್ತಿತ್ತು. ಕೆಲವು ದಿನ ತಡವಾಗಿ ಬಂದಾಗ ಚಿಕ್ಕಮ್ಮ ಫೋನನ್ನು ಮೇಜಿನ ಮೇಲೆ ಮಗುಚಿ, ಮತ್ತೆ ತಿರುಗಿಸಿ, ಮತ್ತೆ ಮಗುಚಿ ಎಲ್ಲರ ತಲೆ ತಿನ್ನುತ್ತಿದ್ದಳು. ಕೂಸು ಒಂದು ದಿನ ಚೀಪಿತು, ಮರುದಿನ ಒಲ್ಲೆ ಎಂದಿತು, ಒಂದು ವಾರ ಹಿಂದೆ ಸರಿಯಿತು. ಸಂಜೆ ಗುಬ್ಬಿ ಹೇಳುವುದನ್ನೆಲ್ಲ ಚಿಕ್ಕಮ್ಮ ಕೇಳಿಕೊಂಡು ಬಂದು ಚಿಕ್ಕಪ್ಪನಿಗೆ ಒಪ್ಪಿಸುವಳು. ಅವನು ಸ್ಪ್ಯಾನರು ಕೈಯಲ್ಲಿ ಹಿಡಿದೇ ಕೇಳುವನು.

ಆಮೇಲೊಂದು ಬೆಳಿಗ್ಗೆ, ಗೆರೆ ನೆಲ ಹಿಡಿದು ಮಲಗಿದ್ದಾಗ, ಫೋನು ಮಿನುಗಿತು. ಚಿಕ್ಕಮ್ಮ ನೋಡಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು. ಫೋನನ್ನು ಪಕ್ಕದ ಮೇಜಿಗೆ ಚಾಚಿದಳು. ಮೀಸೆ ಓದಿದ: ಇದೀವಿ.

"ಆತುರದಲ್ಲಿ ಒಂದಕ್ಷರ ತಪ್ಪಾಗಿದೆ ಅನ್ಸುತ್ತೆ," ಎಂದ ಅವನು.

"ಇಲ್ಲ," ಎಂದಳು ಚಿಕ್ಕಮ್ಮ. "ಸರಿಯಾಗೇ ಇದೆ."